ಹುಳ ಸತ್ತರೂ ಹಳದಿ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕು. ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಕೆಳಗೆ ಒಂದೂವರೆ ಎಕರೆ ಗದ್ದೆ. ಅಪ್ಪನಿಗೆ ಮಂಡಿ ನೋವು ಜಾಸ್ತಿಯಾದ ಮೇಲೆ ಎರಡು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಈಗ ನಾಟಿ ಆಗಿ 32 ದಿನ. ಎರಡು ವಾರಕ್ಕೇ ಅಲ್ಲಲ್ಲಿ ಹಳದಿ ಕಂಡಿತು. ಈಗ ಆ ಪೈರು ಕುಳ್ಳಗೆ ನಿಂತುಬಿಟ್ಟಿದೆ, ಎಲೆ ತುದಿಯಿಂದ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಮೊದಲು ಜಿಂಕ್ ಕಮ್ಮಿ ಅಂದರು, ಹಾಕಿದೆವು. ಆಮೇಲೆ ಹಸಿರು ಜಿಗಿಹುಳು ಅಂದರು, ಎರಡು ಸಲ ಔಷಧಿ ಹೊಡೆದೆವು. ಹುಳ ಸತ್ತವು, ಹಳದಿ ನಿಲ್ಲಲಿಲ್ಲ. ಈಗ ವೈರಸ್ ಅಂತಾರೆ. ಹುಳದಿಂದ ವೈರಸ್ ಬರೋದಾದರೆ ಹುಳಕ್ಕೆ ಯಾಕೆ ಏನೂ ಆಗಲ್ಲ? ಪಕ್ಕದ ದೊಡ್ಡಪ್ಪನ ಗದ್ದೆ ಚೆನ್ನಾಗೇ ಇದೆ. ತಳಿ ಒಂದೇ, ನಾಟಿ ಮಾಡಿದ್ದೂ ಒಂದೇ ವಾರ. ಅವರ ಒಟ್ಲು (ಸಸಿ ಮಡಿ) ಮಾತ್ರ ಬೇರೆ ಕಡೆ ಇತ್ತು. ನಮ್ಮದು ಪಂಪ್‌ಸೆಟ್ ಮನೆ ಪಕ್ಕ, ಅದರ ಆಚೆಗೆ ಬೇಸಿಗೆ ಭತ್ತದ ಕೂಳೆ. ಈ ಭತ್ತದ ಬೀಜ ಇಟ್ಟುಕೊಳ್ಳಬಹುದಾ? ಹುಲ್ಲು ಹಸುವಿಗೆ ಹಾಕಬಹುದಾ?

ಉತ್ತರ: ತಂಗಿ, ಕೊನೆಯ ಎರಡು ಪ್ರಶ್ನೆ ಮೊದಲು ಮುಗಿಸಿಬಿಡೋಣ, ಅವೆರಡಕ್ಕೂ ಉತ್ತರ ಒಳ್ಳೆಯದೇ ಇದೆ. ಇದು ಹಸಿರು ಜಿಗಿಹುಳು ಭತ್ತಕ್ಕೆ ತರುವ ಟುಂಗ್ರೊ ಎಂಬ ವೈರಸ್ ರೋಗವೇ ಆಗಿದ್ದರೆ ಬೀಜದಲ್ಲಿ ದಾಟುವುದಿಲ್ಲ. ಮಣ್ಣಿನಲ್ಲಿ ಉಳಿಯುವುದಿಲ್ಲ, ನಾಲೆ ನೀರಿನಲ್ಲಿ ಹರಿದು ಬರುವುದಿಲ್ಲ, ಕುಡುಗೋಲಿಗೂ ಕೈಗೂ ಅಂಟುವುದಿಲ್ಲ. ರೋಗದ ಪೈರಿನ ಕಾಳು ಜಳ್ಳು ಜಾಸ್ತಿ, ಹಾಗಾಗಿ ಬೀಜಕ್ಕೆ ಅಂತ ಚೆನ್ನಾಗಿರುವ ಬುಡಗಳ ತೆನೆಯನ್ನೇ ಆರಿಸಿಕೊಳ್ಳಿ, ಅಷ್ಟೇ. ಹುಲ್ಲು ಹಸುವಿಗೆ ಹಾಕಬಹುದು. ಗಿಡದ ಈ ವೈರಸ್ ಹಸುವಿಗೂ ಬರಲ್ಲ, ಮನುಷ್ಯರಿಗೂ ಬರಲ್ಲ. ಎಚ್ಚರ ಬೇಕಿರುವುದು ನೀವು ಹೊಡೆದ ಔಷಧಿಯ ಬಗ್ಗೆ. ಡಬ್ಬಿ ಮೇಲೆ ಬರೆದಿರುವಷ್ಟು ದಿನ ಕಳೆಯುವ ತನಕ ಆ ಗದ್ದೆಯಿಂದ ಹಸಿ ಹುಲ್ಲು ಕೊಯ್ದು ಹಾಕಬೇಡಿ.

ಇನ್ನು ನೀವು ಮಾತಿನ ಮಧ್ಯೆ ಹೇಳಿಬಿಟ್ಟ ವಿಷಯ ಇದೆಯಲ್ಲ, ಪಂಪ್‌ಸೆಟ್ ಮನೆ, ಪಕ್ಕದಲ್ಲಿ ಕೂಳೆ, ದೊಡ್ಡಪ್ಪನ ಒಟ್ಲು ಬೇರೆ ಕಡೆ ಅಂತ. ನನ್ನ ಮಟ್ಟಿಗೆ ನಿಮ್ಮ ಪತ್ರದಲ್ಲಿ ಅದೇ ದೊಡ್ಡ ಸುಳಿವು. ಅದಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ಇದು ಟುಂಗ್ರೊ ಹೌದೋ ಅಲ್ಲವೋ ಗೊತ್ತಾಗಬೇಕು. ಹಳದಿ ಅಂದ ತಕ್ಷಣ ಎಲ್ಲರೂ ಒಂದೊಂದು ಹೆಸರು ಹೇಳುತ್ತಾರೆ, ಪ್ರತಿ ಹೆಸರಿಗೂ ನಿಮ್ಮ ಜೇಬಿನಿಂದ ದುಡ್ಡು ಹೋಗುತ್ತದೆ.

ಜಿಂಕ್ ಕಮ್ಮಿಯಾದರೂ ನಾಟಿ ಆಗಿ ಎರಡರಿಂದ ನಾಲ್ಕು ವಾರಕ್ಕೇ ಕಾಣುತ್ತದೆ, ಅದಕ್ಕೇ ಗೊಂದಲ. ಆದರೆ ಅದರಲ್ಲಿ ಕೆಳಗಿನ ಹಳೆ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬರುತ್ತದೆ, ಎಳೆ ಎಲೆಯ ನಡುನರ ಬುಡದ ಕಡೆ ಬೆಳ್ಳಗಾಗುತ್ತದೆ, ತಗ್ಗಿನಲ್ಲಿ ನೀರು ನಿಂತ ಕಡೆ ಜಾಸ್ತಿ ಇರುತ್ತದೆ. ಜಿಂಕ್ ಕೊಟ್ಟ ಮೇಲೆ ಹೊಸ ಎಲೆ ಹಸಿರಾಗಿ ಬರುತ್ತದೆ. ಯೂರಿಯಾ ಕಮ್ಮಿಯಾದರೆ ಇಡೀ ಗದ್ದೆ ಒಂದೇ ಸಮನೆ ತಿಳಿಯಾಗುತ್ತದೆ. ಟುಂಗ್ರೊ ಹಾಗಲ್ಲ. ಒಂದು ಬುಡ ಕುಳ್ಳಗೆ ಕಿತ್ತಳೆ ಬಣ್ಣದಲ್ಲಿ ಕೂತಿರುತ್ತದೆ, ಅದಕ್ಕೆ ಒಂದು ಗೇಣು ಆಚೆ ಇರುವ ಬುಡ ಹಚ್ಚಗೆ ಎದೆಯುಬ್ಬಿಸಿ ನಿಂತಿರುತ್ತದೆ. ತೆಂಡೆ, ಅಂದರೆ ಬುಡದಿಂದ ಒಡೆಯುವ ಕವಲು, ಕಮ್ಮಿ. ಎಲೆ ತುದಿಯಿಂದ ಹಳದಿ ಶುರುವಾಗಿ ಕೆಳಗೆ ಇಳಿಯುತ್ತದೆ. ಮಣ್ಣಿನ ಕೊರತೆ ಹೀಗೆ ಬುಡ ಬುಡ ಆರಿಸಿಕೊಂಡು ಬರಲ್ಲ, ಅಲ್ವಾ? ಹುಳ ಹಾರಿ ಕೂತ ಜಾಗದ ಗುರುತು ಅದು. ಜಿಂಕ್ ಹಾಕಿಯೂ ನಿಮ್ಮ ಪೈರು ಎಚ್ಚೆತ್ತುಕೊಂಡಿಲ್ಲ ಅನ್ನುವುದೂ ಇದೇ ಕಡೆ ಕೈ ತೋರಿಸುತ್ತದೆ.

ಇದನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ. ಬೆಳಗಿನ ಜಾವ, ಆರು ಗಂಟೆಗೆ ಮುಂಚೆ, ಗದ್ದೆಗೆ ಹೋಗಿ. ರೋಗ ಅನ್ನಿಸುವ ಬುಡದಿಂದ ಎಲೆಯ ತುದಿ ಅರ್ಧ ಗೇಣಿನಷ್ಟು ಕತ್ತರಿಸಿ. ಚೆನ್ನಾಗಿರುವ ಬುಡದಿಂದಲೂ ಅಷ್ಟೇ ತಗೊಳ್ಳಿ, ಹೋಲಿಸಿ ನೋಡಲು ಬೇಕು. 100 ಮಿ.ಲೀ. ನೀರಿಗೆ 2 ಗ್ರಾಂ ಅಯೋಡಿನ್, 6 ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದ ದ್ರಾವಣದಲ್ಲಿ ಎಲೆಗಳನ್ನು 15 ನಿಮಿಷ ಅದ್ದಿ, ನೀರಿನಲ್ಲಿ ತೊಳೆದು ನೋಡಿ. ಟುಂಗ್ರೊ ಇದ್ದ ಎಲೆಯಲ್ಲಿ ಕಪ್ಪು ನೀಲಿ ಗೆರೆಗಳು ಎದ್ದು ಕಾಣುತ್ತವೆ. ಊರ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರ ಹತ್ತಿರ ಕೇಳಿ, ಈ ಎರಡೂ ವಸ್ತು ಪ್ರಯೋಗಾಲಯಗಳಲ್ಲಿ ಇರುವಂಥವು. ಕೈಗೆ ಗ್ಲೌಸ್ ಇರಲಿ, ಕಲೆ ಹೋಗಲ್ಲ.

ಬೆಳಗಿನ ಜಾವವೇ ಯಾಕೆ ಅಂದರೆ, ಎಲೆ ಹಗಲೆಲ್ಲಾ ಬಿಸಿಲಲ್ಲಿ ಸಕ್ಕರೆ ಮಾಡಿ, ಖರ್ಚಾಗದ್ದನ್ನು ಪಿಷ್ಟವಾಗಿ ಕೂಡಿಡುತ್ತದೆ. ರಾತ್ರಿ ಅದನ್ನು ಮತ್ತೆ ಸಕ್ಕರೆ ಮಾಡಿ ಬೇರಿಗೆ, ತೆಂಡೆಗೆ ಸಾಗಿಸುತ್ತದೆ. ಆರೋಗ್ಯವಾಗಿರುವ ಎಲೆಯಲ್ಲಿ ಬೆಳಗಾಗುವ ಹೊತ್ತಿಗೆ ಕಣಜ ಬಹುಪಾಲು ಖಾಲಿ. ಟುಂಗ್ರೊ ಬಂದ ಎಲೆಯಲ್ಲಿ ಸಾಗಣೆ ಕೆಟ್ಟಿರುತ್ತದೆ, ರಾತ್ರಿ ಕಳೆದರೂ ಪಿಷ್ಟ ಅಲ್ಲೇ ಉಳಿದಿರುತ್ತದೆ. ಅಯೋಡಿನ್ ಆ ಪಿಷ್ಟವನ್ನು ನೀಲಿ ಮಾಡಿ ತೋರಿಸುತ್ತದೆ. ಮಧ್ಯಾಹ್ನ ಕಿತ್ತರೆ ಒಳ್ಳೆ ಎಲೆಯೂ ನೀಲಿ ಆಗಬಹುದು, ಆಗ ಸುಮ್ನೆ ಗಾಬರಿ. ಇದು ಸೂಚನೆ ಕೊಡುವ ಪರೀಕ್ಷೆ. ವೈರಸ್ಸನ್ನೇ ನೇರವಾಗಿ ಪತ್ತೆ ಹಚ್ಚುವುದು ಪಿಸಿಆರ್ ಎಂಬ ಪ್ರಯೋಗಾಲಯದ ಪರೀಕ್ಷೆ. ಅದಕ್ಕೆ ಮಂಡ್ಯದ ವಿ.ಸಿ. ಫಾರ್ಮ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ, ಬೇರು ಸಮೇತ ಎರಡು ಬುಡ ಕಿತ್ತು ತಗೊಂಡು ಹೋಗಿ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಹುಳಕ್ಕೆ ಯಾಕೆ ಏನೂ ಆಗಲ್ಲ ಅನ್ನುವುದು. ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ತುಂಬಾ ಖುಷಿಯಾಯಿತು. ಯಾವ ಔಷಧಿ ಅಂತ ಕೇಳುವವರೇ ಜಾಸ್ತಿ. ಆದರೆ ಔಷಧಿ ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಮಾಡಲ್ಲ ಅನ್ನುವುದೆಲ್ಲ ಈ ಪ್ರಶ್ನೆಯ ಒಳಗೇ ಕೂತಿದೆ.

ಟುಂಗ್ರೊ ಅನ್ನುವುದು ಒಂದು ವೈರಸ್ಸಿನ ಕೆಲಸ ಅಲ್ಲ, ಎರಡು ವೈರಸ್ ಜೊತೆಯಾಗಿ ಮಾಡುವ ಕೆಲಸ. ಒಂದು ಕಡ್ಡಿಯ ಆಕಾರ, ಇನ್ನೊಂದು ಉಂಡೆಯ ಆಕಾರ. ನಾನು ಕಡ್ಡಿ ವೈರಸ್, ಉಂಡೆ ವೈರಸ್ ಅಂತಲೇ ಕರೆಯುತ್ತೇನೆ. ಕಡ್ಡಿಯ ಉದ್ದ ಸುಮಾರು 130 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರ್ ಗೆರೆಯ ಮೇಲೆ ಏಳು ಸಾವಿರಕ್ಕಿಂತ ಜಾಸ್ತಿ ಕಡ್ಡಿಗಳನ್ನು ಸಾಲಾಗಿ ಮಲಗಿಸಬಹುದು. ಉಂಡೆ ಇನ್ನೂ ಚಿಕ್ಕದು, ಸುಮಾರು 30 ನ್ಯಾನೋಮೀಟರ್. ಇವೆರಡೂ ಅಣ್ಣತಮ್ಮಂದಿರೂ ಅಲ್ಲ, ದಾಯಾದಿಗಳೂ ಅಲ್ಲ. ಕಡ್ಡಿಯ ಒಳಗಿರುವುದು ಡಿಎನ್‌ಎ, ಉಂಡೆಯ ಒಳಗಿರುವುದು ಆರ್‌ಎನ್‌ಎ. ಕುಲವೇ ಬೇರೆ.

ಪೈರನ್ನು ಕುಳ್ಳಗೆ ಮಾಡಿ ಬಣ್ಣಗೆಡಿಸುವುದು ಮುಖ್ಯವಾಗಿ ಕಡ್ಡಿ ವೈರಸ್. ಉಂಡೆ ವೈರಸ್ ಒಂದೇ ಇದ್ದರೆ ಪೈರು ಹೆಚ್ಚುಕಮ್ಮಿ ಚೆನ್ನಾಗೇ ಕಾಣುತ್ತದೆ, ಸ್ವಲ್ಪ ಕುಳ್ಳಗಾದರೂ ನಿಮ್ಮ ಕಣ್ಣಿಗೆ ಬೀಳದೇ ಹೋಗಬಹುದು. ಹಾಗಾದರೆ ಉಂಡೆ ಪಾಪದ್ದು ಅನ್ನಿಸುತ್ತದೆ. ಆದರೆ ಅದೇ ಇಲ್ಲಿ ಗಾಡಿ ಓಡಿಸುವವನು. ಕಡ್ಡಿ ವೈರಸ್ಸಿಗೆ ತಾನಾಗಿ ಜಿಗಿಹುಳು ಹತ್ತಲು ಬರಲ್ಲ. ಹುಳ ಮೊದಲು ಉಂಡೆ ವೈರಸ್ ಇರುವ ಪೈರನ್ನು ಹೀರಿರಬೇಕು, ಇಲ್ಲವೇ ಎರಡೂ ಇರುವ ಪೈರನ್ನು ಹೀರಬೇಕು. ಆಗ ಮಾತ್ರ ಕಡ್ಡಿ ಹುಳದ ಜೊತೆ ಹೊರಡುತ್ತದೆ. ಕಡ್ಡಿ ಒಂದೇ ಇರುವ ಪೈರಿನ ಮೇಲೆ ಹುಳ ಇಡೀ ದಿನ ಕೂತು ಹೀರಿದರೂ ಬರಿಗೈಯಲ್ಲಿ ಎದ್ದು ಹೋಗುತ್ತದೆ. ಉಂಡೆಗೆ ಯಾರ ಹಂಗೂ ಬೇಕಿಲ್ಲ, ಒಂದೇ ಹೋಗುತ್ತದೆ. ಇದರ ಅರ್ಥ ಏನು ಗೊತ್ತಾ? ನಿಮ್ಮ ಕಣ್ಣಿಗೆ ಆರೋಗ್ಯವಾಗಿ ಕಾಣುವ ಎಷ್ಟೋ ಬುಡಗಳು ಒಳಗೊಳಗೇ ಉಂಡೆಯನ್ನು ಇಟ್ಟುಕೊಂಡು ಮುಂದಿನ ಹುಳಕ್ಕೆ ಕೊಡುತ್ತಿರಬಹುದು. ಹಳದಿ ಬುಡ ಲೆಕ್ಕ ಹಾಕಿ ರೋಗ ಇಷ್ಟೇ ಅಂದುಕೊಳ್ಳುವವರು ಮೋಸ ಹೋಗುವುದು ಇಲ್ಲಿ.

ಹುಳ ಹೀರುವ ರೀತಿ ಹೀಗೆ. ಅದಕ್ಕೆ ಕಚ್ಚುವ ಬಾಯಿ ಇಲ್ಲ, ಸೂಜಿ ಇದೆ. ಎಲೆಗೆ ಚುಚ್ಚಿ, ಜೊಲ್ಲು ಬಿಡುತ್ತಾ, ಒಳಗೆ ಸಕ್ಕರೆ ರಸ ಹರಿಯುವ ನಾಳ ಎಲ್ಲಿದೆ ಅಂತ ಹುಡುಕುತ್ತದೆ. ಸಿಕ್ಕ ಮೇಲೆ ಕೂತು ಹೀರುತ್ತದೆ. ನಾಲೆಗೆ ತೂಬು ಕೊರೆದ ಹಾಗೆ. ಆ ನಾಳದಲ್ಲೇ ವೈರಸ್ ಇರುವುದು. ರೋಗದ ಪೈರಿನ ಮೇಲೆ ಅರ್ಧ ಗಂಟೆ ಹೀರಿದರೂ ಸಾಕು ಹುಳಕ್ಕೆ ವೈರಸ್ ಹತ್ತುತ್ತದೆ, ಆಮೇಲೆ ಒಳ್ಳೆ ಪೈರಿನ ಮೇಲೆ ಕೆಲವೇ ನಿಮಿಷ ಸೂಜಿ ಇಟ್ಟರೆ ಅದಕ್ಕೆ ದಾಟುತ್ತದೆ. ಮಧ್ಯೆ ಕಾಯುವ ಕಾಲ ಇಲ್ಲ. ಇಲ್ಲಿ ಹೀರಿ, ಅಲ್ಲಿ ಹಾರಿ, ಕೂತರೆ ಆಯಿತು.

ಹೀಗೆ ಕಾಯುವ ಕಾಲ ಯಾಕಿಲ್ಲ ಅಂದರೆ, ಈ ವೈರಸ್ಸುಗಳು ಹುಳದ ಮೈಯೊಳಗೆ ಹೋಗುವುದೇ ಇಲ್ಲ. ರಸ ಒಳಗೆ ಹೋಗುವ ದಾರಿಯ ಮುಂಭಾಗದಲ್ಲಿ, ಬಾಯಿ ಗಂಟಲಿನ ಕಡೆಯ ಒಳಪದರಕ್ಕೆ ಅಂಟಿಕೊಂಡು ಕೂರುತ್ತವೆ. ರಕ್ತಕ್ಕೆ ಇಳಿಯಲ್ಲ, ಹೊಟ್ಟೆಯ ಜೀವಕಣಗಳಿಗೆ ನುಗ್ಗಲ್ಲ, ಅಲ್ಲಿ ಮರಿ ಹಾಕಲ್ಲ, ಮೊಟ್ಟೆಗೂ ಹೋಗಲ್ಲ. ಅಂಗಿಗೆ ಅಂಟಿದ ಉತ್ತರಾಣಿ ಕಾಯಿಗೂ ನಿಮ್ಮ ಆರೋಗ್ಯಕ್ಕೂ ಎಷ್ಟು ಸಂಬಂಧವೋ ಇದೂ ಅಷ್ಟೇ. ಹುಳಕ್ಕೆ ಕಾಯಿಲೆ ಬರಲ್ಲ ಯಾಕೆ ಅನ್ನುವುದಕ್ಕೆ ಉತ್ತರ ಇದು. ಅದು ರೋಗಿಯೇ ಅಲ್ಲ, ಬರೀ ವಾಹನ.

ಅಂಟಿಕೊಂಡದ್ದು ಉದುರಿಯೂ ಹೋಗುತ್ತದೆ. ದಿನ ಕಳೆದ ಹಾಗೆ ಹುಳದ ಶಕ್ತಿ ಇಳಿಯುತ್ತದೆ, ಹೆಚ್ಚೆಂದರೆ ನಾಲ್ಕೈದು ದಿನ, ಅಷ್ಟರೊಳಗೆ ಮತ್ತೆ ರೋಗದ ಪೈರು ಸಿಗದಿದ್ದರೆ ಅದು ಮಾಮೂಲಿ ಹುಳ ಆಗಿಬಿಡುತ್ತದೆ. ಇನ್ನೂ ಒಂದು ಇದೆ. ಮರಿಹುಳ ದೊಡ್ಡದಾಗುವಷ್ಟರಲ್ಲಿ ಐದು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವಾಗ ಮೈಮೇಲಿನ ಸಿಪ್ಪೆ ಮಾತ್ರ ಅಲ್ಲ, ಬಾಯಿ ಗಂಟಲಿನ ಒಳಪದರವೂ ಕಳಚಿ ಬರುತ್ತದೆ. ವೈರಸ್ ಅದರ ಜೊತೆಗೇ ಹೋಯಿತು. ಪೊರೆ ಬಿಟ್ಟ ಹುಳ ಶುದ್ಧ. ಮೊದಲ ಸಲ ಇದನ್ನು ಓದಿದಾಗ ನನಗೆ ಆಶ್ಚರ್ಯ ತಡೆಯಲು ಆಗಲಿಲ್ಲ, ಈಗ ಬರೆಯುವಾಗಲೂ ಹಾಗೇ ಆಗುತ್ತಿದೆ. ಇಷ್ಟು ಸಡಿಲವಾಗಿ ಜೋತಾಡುವ ಒಂದು ವಸ್ತು ಇಡೀ ಗದ್ದೆಯನ್ನು ಕೆಡಿಸುತ್ತದಲ್ಲ ಅಂತ.

ಎಲ್ಲ ವೈರಸ್ಸೂ ಹೀಗೆ ಅಂದುಕೊಳ್ಳಬೇಡಿ. ಜಪಾನಿನಲ್ಲಿ ಭತ್ತಕ್ಕೆ ಕುಳ್ಳು ರೋಗ ಅಂತ ಒಂದಿದೆ, ಅಲ್ಲಿನ ಹಸಿರು ಜಿಗಿಹುಳುವಿನಿಂದಲೇ ಬರುವುದು. ಈ ರೋಗಕ್ಕೂ ಜಿಗಿಹುಳಕ್ಕೂ ನಂಟಿದೆ ಅಂತ 1894ರಲ್ಲಿ ಮೊದಲು ಗುರುತಿಸಿದವರು ಶಿಗಾ ಪ್ರಾಂತ್ಯದ ಹಾಶಿಮೊಟೊ ಎಂಬ ಒಬ್ಬ ರೈತರು. ಆಗಿನ್ನೂ ವೈರಸ್ ಅಂದರೆ ಏನು ಅಂತ ಜಗತ್ತಿಗೇ ಸರಿಯಾಗಿ ಗೊತ್ತಿರಲಿಲ್ಲ. ಗದ್ದೆಯಲ್ಲಿ ದಿನಾ ನಿಲ್ಲುವವರ ಕಣ್ಣಿಗೆ ಬಿದ್ದದ್ದು ಅದು. ಆಮೇಲೆ 1933ರಲ್ಲಿ ಫುಕುಶಿ ಎಂಬ ವಿಜ್ಞಾನಿ, ಆ ವೈರಸ್ ತಾಯಿಹುಳದಿಂದ ಮೊಟ್ಟೆಗೆ ಹೋಗಿ ಮಕ್ಕಳಿಗೂ ದಾಟುತ್ತದೆ ಅಂತ ತೋರಿಸಿದರು. ಅಲ್ಲಿ ಹುಳವೇ ಎರಡನೇ ಮನೆ. ವೈರಸ್ ಹುಳದ ಕರುಳಿನ ಕಣಗಳಿಗೆ ನುಗ್ಗಿ, ಅಲ್ಲಿ ಬೆಳೆದು, ರಕ್ತಕ್ಕೆ ಇಳಿದು, ಜೊಲ್ಲಿನ ಗ್ರಂಥಿಗೆ ತಲುಪಬೇಕು. ಅದಕ್ಕೆ ಎರಡು ವಾರ ಅಥವಾ ಜಾಸ್ತಿ ಹಿಡಿಯುತ್ತದೆ. ಆಮೇಲೆ ಆ ಹುಳ ಸಾಯುವ ತನಕ ರೋಗ ಹಂಚುತ್ತದೆ, ಪೊರೆ ಬಿಟ್ಟರೂ ಹೋಗಲ್ಲ. ಮೊಟ್ಟೆಗೆ ಹೋಗುವ ದಾರಿಯಂತೂ ಇನ್ನೂ ಸೋಜಿಗ. ಹುಳದ ಮೈಯಲ್ಲಿ ತಲೆತಲಾಂತರದಿಂದ ಸಲ್ಸಿಯಾ ಅನ್ನುವ ಒಂದು ಬ್ಯಾಕ್ಟೀರಿಯಾ ಇದೆ, ಹುಳಕ್ಕೆ ಬೇಕಾದ ಪೋಷಕಾಂಶ ಮಾಡಿಕೊಡುವುದು ಅದರ ಕೆಲಸ. ಅದು ಮೊಟ್ಟೆಗೆ ಹೋಗುವಾಗ ವೈರಸ್ ಅದರ ಮೈಗೆ ಅಂಟಿಕೊಂಡು ಒಳಗೆ ಹೋಗುತ್ತದೆ. ಹೀಗೆ ಮೈಯೊಳಗೆ ಬಿಡಾರ ಹೂಡಿದರೆ ಹುಳಕ್ಕೂ ಸ್ವಲ್ಪ ಏಟು ಬೀಳುತ್ತದೆ, ಆಯಸ್ಸು, ಮೊಟ್ಟೆ ಎರಡೂ ಕಮ್ಮಿಯಾಗುತ್ತವೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಎರಡು ಉತ್ತರ ಇದೆ, ಯಾವ ವೈರಸ್ ಅನ್ನುವುದರ ಮೇಲೆ. ಟುಂಗ್ರೊ ಆ ಜಾತಿಯದಲ್ಲ ಅನ್ನುವುದು ನಮ್ಮ ಅದೃಷ್ಟ.

ಪೈರಿನ ಒಳಗೆ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಕಡ್ಡಿ ವೈರಸ್ಸಿನ ಡಿಎನ್‌ಎ ಕಣದ ನಡುಮನೆಗೆ, ಅಂದರೆ ನ್ಯೂಕ್ಲಿಯಸ್ಸಿಗೆ ಹೋಗಿ ಕೂರುತ್ತದೆ. ಪೈರು ತನ್ನದೇ ಕೆಲಸ ಅಂದುಕೊಂಡು ಅದರ ಆರ್‌ಎನ್‌ಎ ನಕಲು ತೆಗೆದು ಕೊಡುತ್ತದೆ. ವೈರಸ್ ಆ ಆರ್‌ಎನ್‌ಎಯನ್ನು ಮತ್ತೆ ಡಿಎನ್‌ಎಗೆ ತಿರುಗಿಸಿ ಹೊಸ ಕಡ್ಡಿಗಳಿಗೆ ತುಂಬುತ್ತದೆ. ಮನುಷ್ಯರಿಗೆ ಬರುವ ಹೆಪಟೈಟಿಸ್ ಬಿ ವೈರಸ್ಸೂ ಹೀಗೆ ಹಿಂದುಮುಂದಾಗಿ ನಕಲು ಮಾಡುವ ಜಾತಿಯದೇ. ಉಂಡೆಯದು ಬೇರೆ ದಾರಿ, ಪೈರಿನ ಪ್ರೋಟೀನ್ ಕಾರ್ಖಾನೆಯಲ್ಲಿ ಒಂದೇ ಉದ್ದನೆಯ ಪ್ರೋಟೀನ್ ಮಾಡಿಸಿಕೊಂಡು, ಆಮೇಲೆ ಬೇಕಾದ ಹಾಗೆ ತುಂಡು ಮಾಡಿಕೊಳ್ಳುತ್ತದೆ. ಎರಡೂ ಸಾಗಣೆ ನಾಳಗಳ ಸುತ್ತಲೇ ಇರುವುದರಿಂದ ಏಟು ಬೀಳುವುದು ಸಾಗಣೆಗೆ. ನಾಲೆಯಲ್ಲಿ ಹೂಳು ತುಂಬಿದರೆ ಕೊನೆ ಗದ್ದೆಗೆ ನೀರು ಹೋಗುತ್ತದಾ? ಪೈರು ಕುಳ್ಳಗಾಗುವುದು, ತೆಂಡೆ ಒಡೆಯದಿರುವುದು, ತೆನೆ ಹೊರಡುವ ಹೊಡೆ ತಡವಾಗುವುದು, ಕಾಳು ಜಳ್ಳಾಗುವುದು ಎಲ್ಲ ಇದರಿಂದಲೇ.

ವೈರಸ್ ಒಳಗೆ ಹೋದ ಮೇಲೆ ಹಳದಿ ಕಾಣಲು ಒಂದರಿಂದ ಎರಡು ವಾರ ಬೇಕು. ಈ ಲೆಕ್ಕ ಇಟ್ಟುಕೊಂಡು ನಿಮ್ಮ ದಿನಗಳನ್ನು ಹಿಂದಕ್ಕೆ ಎಣಿಸಿ ನೋಡಿ. ನಾಟಿ ಆಗಿ ಎರಡು ವಾರಕ್ಕೇ ಹಳದಿ ಬಂತು ಅಂದರೆ ಆ ಬುಡಗಳಿಗೆ ರೋಗ ಹತ್ತಿದ್ದು ಒಟ್ಲಿನಲ್ಲಿ, ಇಲ್ಲವೇ ನಾಟಿ ಆದ ಮೊದಲ ದಿನಗಳಲ್ಲಿ. ಪಂಪ್‌ಸೆಟ್ ಮನೆಯಲ್ಲಿ ರಾತ್ರಿಯಿಡೀ ಬಲ್ಬ್ ಉರಿಯುತ್ತಿತ್ತಾ? ನನ್ನ ಊಹೆ, ಉರಿಯುತ್ತಿತ್ತು. ಹಸಿರು ಜಿಗಿಹುಳಕ್ಕೆ ದೀಪ ಅಂದರೆ ಪ್ರಾಣ. ಆಚೆಗೆ ಬೇಸಿಗೆ ಭತ್ತದ ಕೂಳೆ ಚಿಗುರಿ ಹಸಿರಾಗಿ ನಿಂತಿತ್ತು. ಹಳೆ ಬೆಳೆಯ ವೈರಸ್ ಬದುಕಿರುವುದು ಆ ಚಿಗುರಿನಲ್ಲಿ, ಹುಳ ಹೊಟ್ಟೆ ಹೊರೆದುಕೊಂಡಿದ್ದೂ ಅಲ್ಲೇ. ಮಧ್ಯೆ ದೀಪ, ದೀಪದ ಕೆಳಗೆ ಎಳೆ ಒಟ್ಲು. ಕೂಳೆಯಿಂದ ಎದ್ದ ಹುಳ ದೀಪಕ್ಕೆ ಬಂದು ಒಟ್ಲಿನಲ್ಲಿ ಇಳಿಯಿತು. ದೊಡ್ಡಪ್ಪನ ಗದ್ದೆ ಚೆನ್ನಾಗಿರುವುದಕ್ಕೆ ಗೊಬ್ಬರವೂ ಕಾರಣ ಅಲ್ಲ, ಮಣ್ಣೂ ಅಲ್ಲ. ಅವರು ನೆಟ್ಟದ್ದು ರೋಗ ಇಲ್ಲದ ಪೈರು, ನೀವು ನೆಟ್ಟದ್ದರಲ್ಲಿ ಕೆಲವು ಆಗಲೇ ರೋಗ ಹೊತ್ತಿದ್ದವು.

ನೀವು ಔಷಧಿ ಹೊಡೆದ ಹೊತ್ತಿಗೆ ಏನಾಗಿತ್ತು ಅನ್ನುವುದು ಈಗ ಗೊತ್ತಾಗುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಔಷಧಿ ಹುಳವನ್ನು ಕೊಂದಿತು, ಪೈರಿನ ಒಳಗಿದ್ದ ವೈರಸ್ಸನ್ನು ಮುಟ್ಟಲಿಲ್ಲ. ಪೈರಿಗೆ ಹತ್ತಿದ ವೈರಸ್ಸನ್ನು ವಾಸಿ ಮಾಡುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ಯಾರಾದರೂ ವೈರಸ್ಸಿಗೆ ಅಂತ ಬಾಟಲಿ ಕೊಟ್ಟರೆ ದಯವಿಟ್ಟು ತಗೋಬೇಡಿ. ಎರಡನೇ ಸಲ ಹೊಡೆದ ಮೇಲೂ ಹೊಸ ಬುಡ ಹಳದಿಯಾದವು ಅಂದಿರಿ, ಅವು ಒಂದೆರಡು ವಾರದ ಹಿಂದೆಯೇ ಚುಚ್ಚಿಸಿಕೊಂಡವು. ಆಮೇಲೆ ಹಳದಿ ನಿಲ್ಲಬಹುದು, ಆಗ ಕೊನೆಗೆ ಹೊಡೆದ ಔಷಧಿಗೆ ಹೆಸರು ಬರುತ್ತದೆ.

ಹಾಗಾದರೆ ಔಷಧಿ ಬೇಡವೇ ಬೇಡ ಅಂತಲ್ಲ. ಪೈರು ಎಳೆಯದಾಗಿರುವಾಗ, ಒಟ್ಲಿನಲ್ಲಿ ಮತ್ತು ನಾಟಿ ಆದ ಮೊದಲ ಒಂದು ತಿಂಗಳಲ್ಲಿ, ಹುಳ ಕಂಡರೆ ಹೊಡೆಯಬೇಕು. ಆ ವಯಸ್ಸಿನಲ್ಲಿ ರೋಗ ಹತ್ತಿದರೆ ಆ ಬುಡದಿಂದ ಕೈಗೆ ಬರುವುದು ಬಹಳ ಕಮ್ಮಿ. ಹೊಡೆ ತುಂಬುವ ಹೊತ್ತಿಗೆ ಹತ್ತಿದರೆ ಅಷ್ಟು ನಷ್ಟ ಇಲ್ಲ. ಬೆಳಿಗ್ಗೆ ಗದ್ದೆಗೆ ಇಳಿದು ಅಲ್ಲಲ್ಲಿ ಇಪ್ಪತ್ತು ಬುಡ ಬಗ್ಗಿಸಿ ತಟ್ಟಿ, ಕೆಳಗೆ ನೀರಿಗೆ ಎಷ್ಟು ಹಸಿರು ಹುಳ ಬೀಳುತ್ತವೆ ಎಣಿಸಿ. ಟುಂಗ್ರೊ ಇರುವ ಕಡೆ ಬುಡಕ್ಕೆ ಎರಡು ಹುಳ ಅಂದರೇ ಎಚ್ಚರ. ಆಗ ಥಯಾಮೆಥಾಕ್ಸಾಮ್ 25 ಡಬ್ಲ್ಯೂಜಿ ಎಕರೆಗೆ 40 ಗ್ರಾಂ ಲೆಕ್ಕದಲ್ಲಿ ಹೊಡೆಯಬಹುದು. ಹೂ ಬಿಟ್ಟಾಗ ಬೇಡ, ಜೇನಿಗೆ ವಿಷ. ಪೈರೆಥ್ರಾಯ್ಡ್ ಜಾತಿಯ (ಸೈಪರ್‌ಮೆಥ್ರಿನ್‌ನಂಥ) ಔಷಧಿಗಳನ್ನು ಭತ್ತಕ್ಕೆ ತರಲೇಬೇಡಿ. ಅವು ಕೆಟ್ಟ ಹುಳ ತಿಂದು ಬದುಕುವ ಜೇಡ, ಮಿರಿಡ್ ತಿಗಣೆಗಳನ್ನು ಕೊಂದು ಕಂದು ಜಿಗಿಹುಳಕ್ಕೆ ದಾರಿ ಬಿಟ್ಟುಕೊಡುತ್ತವೆ, ಆಮೇಲೆ ಅದು ಬುಡ ಸುಟ್ಟು ಹಾಕುತ್ತದೆ. ಹಳದಿ ಕಂಡಾಗ ಯೂರಿಯಾ ಸುರಿಯುವುದೂ ಅಷ್ಟೇ ತಪ್ಪು. ಮೆತ್ತಗೆ ಸೊಂಪಾದ ಎಲೆ ಹುಳಕ್ಕೆ ಹಬ್ಬದೂಟ.

ಈಗ ನಿಮ್ಮ ಗದ್ದೆ. ರೋಗದ ಬುಡಗಳು ಹತ್ತಿಪ್ಪತ್ತು ಗುಂಪಿನಲ್ಲಿ ಇದ್ದರೆ ಕಿತ್ತು ಅಲ್ಲೇ ಕೆಸರಿನಲ್ಲಿ ಆಳಕ್ಕೆ ತುಳಿದುಬಿಡಿ, ಬದುವಿನ ಮೇಲೆ ಎಸೆಯಬೇಡಿ. ಕೀಳುವ ಮುಂಚೆ ಹುಳ ಇದೆಯಾ ನೋಡಿ, ಇದ್ದರೆ ಮೊದಲು ಔಷಧಿ, ಮಾರನೇ ದಿನ ಕೀಳುವುದು. ಇಲ್ಲದಿದ್ದರೆ ನೀವು ಬುಡ ಅಲ್ಲಾಡಿಸಿದ ಕೂಡಲೇ ಹುಳ ಎದ್ದು ಪಕ್ಕದ ಒಳ್ಳೆ ಬುಡಕ್ಕೆ ಹೋಗುತ್ತದೆ. ಅರ್ಧಕ್ಕಿಂತ ಜಾಸ್ತಿ ಗದ್ದೆ ಹೋಗಿದ್ದರೆ, ಹೇಳಲು ನನಗೂ ಬೇಜಾರು, ಇನ್ನು ಅದರ ಮೇಲೆ ದುಡ್ಡು ಹಾಕಬೇಡಿ. ಬಂದಷ್ಟು ಕೊಯ್ದುಕೊಂಡು, ಕೊಯ್ಲಾದ ವಾರದಲ್ಲೇ ಉತ್ತುಬಿಡಿ.

ತಳಿ ಬದಲಾಯಿಸಬಹುದಾ ಅಂತ ನೀವು ಕೇಳಿಲ್ಲ, ಕೇಳಬೇಕಿತ್ತು. ತಡೆಯುವ ತಳಿಗಳಲ್ಲಿ ಎರಡು ತರಹ ಇವೆ. ಕೆಲವು ಹುಳಕ್ಕೆ ರುಚಿಸಲ್ಲ, ಹಾಗಾಗಿ ರೋಗ ಕಮ್ಮಿ. ಆದರೆ ವರ್ಷಗಟ್ಟಲೆ ಅದೇ ತಳಿ ಹಾಕುತ್ತಿದ್ದರೆ ಹುಳ ಒಗ್ಗಿಕೊಳ್ಳುತ್ತದೆ. ಇನ್ನು ಕೆಲವು ವೈರಸ್ಸನ್ನೇ ತಡೆಯುತ್ತವೆ. ಇಂಡೋನೇಷ್ಯಾದ ಉತ್ರಿ ಮೆರಾಹ್ ಅನ್ನುವ ಹಳೆ ತಳಿಯಲ್ಲಿ, ಉಂಡೆ ವೈರಸ್ ಬೆಳೆಯಲು ಬೇಕಾದ ಪೈರಿನದೇ ಒಂದು ಪ್ರೋಟೀನ್ ಸ್ವಲ್ಪ ಬೇರೆ ಆಕಾರದಲ್ಲಿದೆ, ವೈರಸ್ಸಿಗೆ ಅದು ಹಿಡಿತಕ್ಕೆ ಸಿಗಲ್ಲ. ಉಂಡೆ ಬೆಳೆಯದಿದ್ದರೆ ಕಡ್ಡಿಗೆ ಗಾಡಿ ಇಲ್ಲ. ನಮ್ಮ ಹೈದರಾಬಾದಿನ ಭತ್ತದ ಸಂಶೋಧನಾ ಸಂಸ್ಥೆಯಿಂದ ವಿಕ್ರಮಾರ್ಯ ಎಂಬ ಟುಂಗ್ರೊ ತಡೆಯುವ ತಳಿ 1986ರಲ್ಲಿ ಬಂತು. ನಿಮ್ಮ ಮಣ್ಣಿಗೆ, ನಿಮ್ಮ ಮಿಲ್ಲಿಗೆ ಯಾವುದು ಹೊಂದುತ್ತದೆ ಅಂತ ವಿ.ಸಿ. ಫಾರ್ಮ್‌ಗೆ ಎಲೆ ತಗೊಂಡು ಹೋದಾಗಲೇ ಕೇಳಿ. ಹಳೆ ತಳಿ ಉಳಿಸಿ ಅಂತ ನಾನು ಸಿಕ್ಕಿದವರಿಗೆಲ್ಲ ಹೇಳುವುದು ಇದಕ್ಕೇ. ಕಂದು ಜಿಗಿಹುಳು ತರುವ ಇನ್ನೊಂದು ವೈರಸ್ ರೋಗಕ್ಕೆ ಫಿಲಿಪೈನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು 6,000ಕ್ಕೂ ಹೆಚ್ಚು ಭತ್ತದ ಮಾದರಿಗಳನ್ನು ಜಾಲಾಡಿದಾಗ ತಡೆಯುವ ಗುಣ ಸಿಕ್ಕಿದ್ದು ಒಂದರಲ್ಲಿ ಮಾತ್ರ. ನಮ್ಮ ಉತ್ತರ ಪ್ರದೇಶದಿಂದ ಹೋಗಿದ್ದ ಒಂದು ಕಾಡುಭತ್ತ ಅದು.

ಆದರೆ ತಳಿಗಿಂತ, ಔಷಧಿಗಿಂತ ದೊಡ್ಡ ಕೆಲಸ ಒಂದಿದೆ, ಅದು ಒಬ್ಬರ ಕೈಯಲ್ಲಿ ಆಗುವುದಲ್ಲ. ವೈರಸ್ ಹುಳದಲ್ಲಿ ನಾಲ್ಕೈದು ದಿನ ಮಾತ್ರ ನಿಲ್ಲುತ್ತದೆ, ಬೀಜದಲ್ಲಿ, ಮಣ್ಣಿನಲ್ಲಿ ನಿಲ್ಲುವುದೇ ಇಲ್ಲ ಅಂದೆನಲ್ಲ. ಹಾಗಿದ್ದರೆ ಎರಡು ಬೆಳೆಗಳ ಮಧ್ಯೆ ಅದು ಬದುಕುವುದು ಎಲ್ಲಿ? ಹಸಿರಾಗಿರುವ ಭತ್ತದಲ್ಲಿ. ಕೂಳೆಯ ಚಿಗುರು, ಉದುರಿದ ಕಾಳಿನಿಂದ ತಾನಾಗಿ ಎದ್ದ ಪೈರು, ಬದುವಿನ ಕೆಲವು ಹುಲ್ಲು, ಇಷ್ಟೇ ಅದರ ಆಸರೆ. ನಾಲೆ ನೀರು ನಿಂತ ಮೇಲೆ ಒಂದು ತಿಂಗಳು ಆ ಬಯಲಿನಲ್ಲಿ ಹಸಿರು ಭತ್ತವೇ ಇಲ್ಲದ ಹಾಗೆ ಮಾಡಿದರೆ ಹುಳ ಇದ್ದರೂ ಅದು ಬರಿಗೈ ಹುಳ. ನಮ್ಮ ಕಷ್ಟ ಏನಂದರೆ ನಾಲೆಯ ಮೇಲ್ಭಾಗದಲ್ಲಿ ಮೊದಲು ನಾಟಿ, ಕೊನೆ ಭಾಗಕ್ಕೆ ನೀರು ತಲುಪುವುದು ತಡ. ಪಾಂಡವಪುರದಲ್ಲಿ ತೆಂಡೆ ಒಡೆಯುವಾಗ ಮಳವಳ್ಳಿ ಕಡೆ ಇನ್ನೂ ಒಟ್ಲು ಹಾಕುತ್ತಿರುತ್ತಾರೆ. ಹುಳಕ್ಕೆ ಒಂದಾದ ಮೇಲೆ ಒಂದು ಎಳೆ ಗದ್ದೆ ಸಾಲಾಗಿ ಸಿಗುತ್ತದೆ. ನೀರಿನ ಸರದಿ ನಿಮ್ಮ ಕೈಯಲ್ಲಿಲ್ಲ, ನನ್ನ ಕೈಯಲ್ಲೂ ಇಲ್ಲ. ಆದರೆ ಒಂದೇ ತೂಬಿನ ಕೆಳಗಿನ ಇಪ್ಪತ್ತು ಮೂವತ್ತು ಮನೆಯವರು ಒಂದೇ ವಾರ ಹತ್ತು ದಿನದಲ್ಲಿ ನಾಟಿ ಮುಗಿಸಲು ಆಗುತ್ತದೆ. ಇಂಡೋನೇಷ್ಯಾದ ದಕ್ಷಿಣ ಸುಲಾವೇಸಿಯಲ್ಲಿ 1970ರ ದಶಕದಲ್ಲಿ ಟುಂಗ್ರೊ ಗದ್ದೆಗಟ್ಟಲೆ ನುಂಗಿದ ಮೇಲೆ, 1980ರ ದಶಕದಲ್ಲಿ ಅವರು ಹಿಡಿದದ್ದು ಇದೇ ದಾರಿ. ಹುಳ ಕಮ್ಮಿ ಇರುವ ಕಾಲ ನೋಡಿ ಎಲ್ಲರೂ ಒಟ್ಟಿಗೆ ನಾಟಿ, ಜೊತೆಗೆ ತಳಿ ಅದಲುಬದಲು. ರೋಗ ಹತೋಟಿಗೆ ಬಂತು.

ಹಾಗಾಗಿ ದೊಡ್ಡಪ್ಪನ ಹತ್ತಿರ ಒಂದು ಮಾತು ಆಡಿ ನೋಡಿ. ಮುಂದಿನ ಸಲ ಎರಡು ಮನೆಗೂ ಸೇರಿ ಒಂದೇ ಒಟ್ಲು, ಅವರ ಜಾಗದಲ್ಲೇ ಹಾಕಿ. ಕೂಳೆಯಿಂದ ದೂರ, ದೀಪದಿಂದ ದೂರ. ಬೇಸಿಗೆ ಭತ್ತ ಕೊಯ್ದವರು ಯಾರು ಅಂತ ತಿಳಿದುಕೊಂಡು, ಒಟ್ಲು ಹಾಕುವ ಒಂದು ತಿಂಗಳು ಮುಂಚೆ ಆ ಕೂಳೆ ಉತ್ತು ಮಗುಚಲು ಕೇಳಿಕೊಳ್ಳಿ, ಟ್ರ್ಯಾಕ್ಟರ್ ಬಾಡಿಗೆಯಲ್ಲಿ ಅರ್ಧ ನೀವು ಕೊಟ್ಟರೂ ಎರಡು ಸಲದ ಔಷಧಿ ಖರ್ಚಿನ ಮುಂದೆ ಅದು ದಂಡ ಅನ್ನಿಸಲ್ಲ. ಪಂಪ್‌ಸೆಟ್ ಮನೆಯ ಬಲ್ಬನ್ನು ಒಟ್ಲು ಇರುವ ದಿನಗಳಲ್ಲಿ ಆರಿಸಿಡಿ. ಸದ್ಯಕ್ಕೆ ನಾಳೆ ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಎಲೆ ಕತ್ತರಿಸಿಕೊಂಡು ಬನ್ನಿ. ನೀಲಿ ಗೆರೆ ಕಂಡರೆ ಯಾವ ಬುಡದ ಎಲೆ ಅಂತ ಗುರುತು ಇಟ್ಟುಕೊಂಡು ನನಗೆ ಬರೆಯಿರಿ.